ಅಡಿಕೆ ಚೊಗರಿನಿಂದ ಬಣ್ಣ: ನಾನು ಮಾಡಿಕೊಂಡ ಬಗೆ

ಸಾಗರದ ಕಡೆಯ ಅಡಿಕೆ ಮನೆಗೆ ಸೊಸೆಯಾಗಿ ಬಂದ ವರ್ಷವೇ ನನ್ನ ಹತ್ತಿ ಸೀರೆಗೆ ಚೊಗರು ಸಿಡಿದಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ. "ಸೀರೆ ಹರಿದರೂ ಚೊಗರಿನ ಕಲೆ ಹೋಗಲ್ಲ ಕಣೇ" ಅಂದರು ಅತ್ತೆ. ಇಷ್ಟು ಗಟ್ಟಿಯಾಗಿ ಕೂರುವುದಾದರೆ ಬಟ್ಟೆಗೇ ಯಾಕೆ ಹಾಕಬಾರದು ಅನ್ನಿಸಿತು. ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿರುವ ಚರಕ ಎಂಬ ಮಹಿಳೆಯರ ಕೈಮಗ್ಗದ ಸಹಕಾರ ಸಂಘದಲ್ಲಿ ಅದನ್ನೇ ಮಾಡುತ್ತಾರೆಂದು ಆಮೇಲೆ ತಿಳಿಯಿತು.

ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದ ಮೇಲೆ ಉಳಿಯುವ ಕೆಂಗಂದು ನೀರೇ ಚೊಗರು. ಅದೇ ನೀರಿನಲ್ಲಿ ಮತ್ತೆ ಮತ್ತೆ ಅಡಿಕೆ ಬೆಂದಷ್ಟೂ ಅದು ದಪ್ಪವಾಗುತ್ತದೆ. ತೆಳ್ಳಗಿರುವಾಗಲೇ ಎತ್ತಿಟ್ಟರೆ ಬೂಷ್ಟು ಬರುತ್ತದೆ. ಅದಕ್ಕೇ ನಾನು ಪಂಚೆಯಲ್ಲಿ ಎರಡು ಸಲ ಸೋಸಿ, ಸಣ್ಣ ಉರಿಯಲ್ಲಿ ಜೋನಿ ಬೆಲ್ಲದ ಹದಕ್ಕೆ ಬತ್ತಿಸಿ, ತಟ್ಟೆಗೆ ಸುರಿದು ಬಿಸಿಲಿಗಿಡುತ್ತೇನೆ. ಒಣಗಿದರೆ ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ. ಭರಣಿಯಲ್ಲಿ ತುಂಬಿಟ್ಟರೆ ಮಳೆಗಾಲಕ್ಕೂ ಆಯಿತು.

ಮೊದಲ ವರ್ಷ ಮನೆಯ ತಾಮ್ರದ ಹಂಡೆ ಬಿಡುವಿರಲಿಲ್ಲ. ಹಳೆಯ ಕಬ್ಬಿಣದ ಬಾಣಲೆಯಲ್ಲಿ ಬತ್ತಿಸಿದೆ. ಅದ್ದಿದ ನೂಲೆಲ್ಲ ಮಸಿ ಬಳಿದಂತೆ ಆಯಿತು. ಚೊಗರು ಕೆಟ್ಟಿತೆಂದು ಅಷ್ಟನ್ನೂ ತೋಟಕ್ಕೆ ಚೆಲ್ಲಿದೆ. ಆ ಸಂಕಟ ಇನ್ನೂ ಇದೆ. ಕೆಟ್ಟಿರಲಿಲ್ಲ. ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ, ಹಿಂದೆ ಶಾಯಿ ಮಾಡುತ್ತಿದ್ದುದೂ ಹೀಗೆಯೇ. ಚೊಗರು ಒಂದೇ ಆದರೂ ಬಣ್ಣ ಯಾವುದೆಂದು ಹೇಳುವುದು ಅದಕ್ಕೆ ಜೊತೆಯಾಗುವ ವಸ್ತು. ಎಲೆ ಅಡಿಕೆ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುಣ್ಣ ಸೋಕದೆ ಬಾಯಿ ಕೆಂಪಾಗುವುದುಂಟೇ?

ಈಗ 1 ಕಿಲೋ ಹತ್ತಿ ನೂಲಿಗೆ ನನ್ನ ಲೆಕ್ಕ ಹೀಗೆ. ವಾಷಿಂಗ್ ಸೋಡಾ ಹಾಕಿ ಒಂದು ತಾಸು ಕುದಿಸಿ ಜಿಡ್ಡು ತೆಗೆಯುತ್ತೇನೆ. ಇದರಲ್ಲಿ ಅವಸರ ಮಾಡಿದರೆ ಬಣ್ಣ ಪಟ್ಟೆ ಪಟ್ಟೆಯಾಗಿ ಕೂರುತ್ತದೆ. 200 ಗ್ರಾಂ ಅಳಲೆಕಾಯಿ ಪುಡಿಯ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ತೊಳೆಯದೆ ಹಿಂಡಿ ಒಣಗಿಸಬೇಕು. ಆಮೇಲೆ 150 ಗ್ರಾಂ ಪಟಿಕದ ಬಿಸಿನೀರು. ಕೊನೆಗೆ ಚೊಗರು, ಕುದಿ ಬರದಂತೆ ಒಂದು ತಾಸು, ಕೋಲಿನಿಂದ ತಿರುವುತ್ತಲೇ ಇರಬೇಕು. ಮೇಲೆತ್ತಿದಾಗ ನೂಲು ಹಣ್ಣಡಿಕೆ ಸಿಪ್ಪೆಯಂತೆ ಕಿತ್ತಳೆ ಬೆರೆತ ಕಂದಾಗಿರುತ್ತದೆ. ನೆರಳಲ್ಲಿ ಒಣಗುತ್ತಾ ಇಟ್ಟಿಗೆಯ ಕೆಂಪಿಗೆ ಇಳಿಯುತ್ತದೆ. ಸುಣ್ಣದ ತಿಳಿಯಲ್ಲಿ ಒಮ್ಮೆ ಅದ್ದಿದರೆ ಇನ್ನಷ್ಟು ಕೆಂಪು. ಕಪ್ಪು ಛಾಯೆ ಬೇಕಿದ್ದರೆ ಮಾತ್ರ 20 ಗ್ರಾಂ ಅನ್ನಭೇದಿ (ಕಬ್ಬಿಣದ ಉಪ್ಪು) ಕರಗಿಸಿ ಹತ್ತೇ ನಿಮಿಷ ಅದ್ದುತ್ತೇನೆ. ಹೆಚ್ಚಾದರೆ ಬಣ್ಣವೇನೋ ಗಾಢವಾಗುತ್ತದೆ, ಆದರೆ ವರ್ಷ ಕಳೆಯುವಷ್ಟರಲ್ಲಿ ನೂಲು ಪಿಸಿಯತೊಡಗುತ್ತದೆ.

ಒಂದು ವಾರ ಹಾಗೇ ಬಿಟ್ಟು, ಆಮೇಲೆ ಅಂಟುವಾಳದ ನೀರಿನಲ್ಲಿ ತೊಳೆಯುತ್ತೇನೆ. ಕಪ್ಪು ಬಟ್ಟೆಗೆ ಮಾತ್ರ ಲಿಂಬೆರಸ ತಾಗಬಾರದು, ಬಿದ್ದ ಕಡೆ ಬಿಳಚಿಕೊಳ್ಳುತ್ತದೆ. ಊಟಕ್ಕೆ ಬಡಿಸುವ ದಿನ ನಾನು ಆ ಸೀರೆ ಉಡುವುದಿಲ್ಲ.