ಹುಲಿ ಗಣತಿಗೆ ಹೊರಟಿರಾ? ಮೊದಲು ಜಿಂಕೆಯ ದೂರ ಅಳೆಯಲು ಕಲಿಯಿರಿ

ನಾಗರಹೊಳೆಗೋ ಬಂಡೀಪುರಕ್ಕೋ ಗಣತಿಯ ಸ್ವಯಂಸೇವಕರಾಗಿ ಹೆಸರು ಕೊಡುವವರಲ್ಲಿ ಬಹುಪಾಲು ಮಂದಿಗೆ ಹುಲಿ ಕಾಣುವ ಆಸೆ. ಇರಲಿ, ತಪ್ಪೇನಿಲ್ಲ. ಹುಲಿಯ ಲೆಕ್ಕವನ್ನು ಮಾತ್ರ ಎದುರು ಹಾದ ಪ್ರಾಣಿಯ ಫೋಟೊ ತಾನೇ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ಗಳು ನೋಡಿಕೊಳ್ಳುತ್ತವೆ. ನಿಮ್ಮ ಪಾಲಿಗೆ ಬರುವುದು ಹುಲಿಯ ಊಟದ ಲೆಕ್ಕ: ಜಿಂಕೆ, ಕಡವೆ, ಕಾಟಿ, ಕಾಡುಹಂದಿ, ಕಾಡುಕುರಿ (ಬೊಗಳುವ ಜಿಂಕೆ), ಮುಸುವ. ಇದಕ್ಕೆ ಬಳಸುವ ವಿಧಾನ ಲೈನ್ ಟ್ರಾನ್ಸೆಕ್ಟ್. ಕಾಡಿನವರ ಬಾಯಲ್ಲಿ ಬರೀ 'ಲೈನ್'.

ಲೈನ್ ಎಂದರೆ ಕಾಡಿನೊಳಗೆ ಮೊದಲೇ ಗುರುತು ಹಾಕಿಟ್ಟ ಎರಡರಿಂದ ನಾಲ್ಕು ಕಿಲೋಮೀಟರ್ ಉದ್ದದ ಕಾಲುದಾರಿ. ಅದರ ಮೇಲೆ ಬೆಳಿಗ್ಗೆ ಹೊತ್ತು ನಡೆಯಬೇಕು, ಕಂಡ ಪ್ರಾಣಿಗಳನ್ನು ಎಣಿಸಬೇಕು, ಪ್ರತಿ ಗುಂಪೂ ಲೈನಿನಿಂದ ಎಷ್ಟು ಅಡ್ಡ (ಲಂಬ) ದೂರದಲ್ಲಿತ್ತು ಎಂದು ಬರೆಯಬೇಕು. ದೂರ ಹೆಚ್ಚಿದಂತೆ ಕಣ್ಣಿಗೆ ಬೀಳುವ ಪ್ರಾಣಿಗಳು ಕಡಿಮೆಯಾಗುತ್ತವೆ. ಆ ಇಳಿಕೆ ಯಾವ ಪ್ರಮಾಣದಲ್ಲಿದೆ ಎಂಬುದರಿಂದಲೇ ನಮ್ಮ ಕಣ್ಣು ತಪ್ಪಿಸಿಕೊಂಡವು ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಹಾಗಾಗಿ ತಲೆ ಎಣಿಕೆಯಷ್ಟೇ ತೂಕ ದೂರಕ್ಕೂ ಉಂಟು. ಸ್ವಯಂಸೇವಕರು ಎಡವುವುದು ಸರಿಯಾಗಿ ಇಲ್ಲೇ. ನಡಿಗೆಗೆ ತಿಂಗಳುಗಟ್ಟಲೆ ತಯಾರಿ ನಡೆಸಿ ಬರುತ್ತಾರೆ. ದೂರ ಅಳೆಯುವ ಉಪಕರಣವಾದ ರೇಂಜ್‌ಫೈಂಡರನ್ನು ಮೊದಲ ಸಲ ಕೈಗೆತ್ತಿಕೊಳ್ಳುವುದು ಕಡವೆ ಎದುರಿಗೆ ಬಂದು ನಿಂತ ಮೇಲೆ.

ಹೊರಡುವ ಮುನ್ನ

ಅನುಮತಿ ಪತ್ರ, ಗುರುತಿನ ಚೀಟಿ, ತರಬೇತಿ, ಯಾವ ರೇಂಜ್ (ಅರಣ್ಯ ವಲಯ), ಯಾವ ಕ್ಯಾಂಪ್ ಎಂಬುದೆಲ್ಲ ಅರಣ್ಯ ಇಲಾಖೆಯೇ ಹೇಳುತ್ತದೆ, ಹೇಳಿದಂತೆ ಮಾಡಿ. ಪರಿಚಯದ ಗಾರ್ಡ್ ಇದ್ದಾರೆಂದು ಪತ್ರವಿಲ್ಲದೆ ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ನಿಮ್ಮ ಸದುದ್ದೇಶ ಗೊತ್ತಾಗುವುದಿಲ್ಲ.

ಬಟ್ಟೆಯ ವಿಷಯದಲ್ಲಿ ಮಿಲಿಟರಿ ಚಿತ್ತಾರದ ಪ್ಯಾಂಟಿಗೆ ದುಡ್ಡು ಸುರಿಯುವುದು ದಂಡ. ಮಾಸಲು ಹಸಿರು ಅಥವಾ ಕಂದು ಬಣ್ಣದ ಹತ್ತಿಯ ತುಂಬುತೋಳಿನ ಅಂಗಿ ಸಾಕು. ಸರಬರ ಸದ್ದು ಮಾಡುವ ವಿಂಡ್‌ಚೀಟರ್ ಮಾತ್ರ ಬೇಡವೇ ಬೇಡ, ನೂರು ಮೀಟರ್ ಆಚೆಯ ಜಿಂಕೆ ಕಿವಿ ನಿಮಿರಿಸುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಏಕೆಂದರೆ ಒಣ ತಿಂಗಳುಗಳಲ್ಲಿ ರಕ್ತ ಹೀರುವ ಉಣ್ಣೆಮರಿಗಳು ಹುಲ್ಲಿನ ತುದಿಯಲ್ಲಿ ಕಾದು ಕೂತಿರುತ್ತವೆ. ತೋಳು ಮಡಿಸಿಕೊಂಡು ಹೋದರೆ ನಸುಗುನ್ನಿ ಕಾಯಿಯ ರೋಮ ತಾಗಿ ಇಡೀ ಬೆಳಗು ತುರಿಸಿಕೊಳ್ಳುವುದರಲ್ಲೇ ಕಳೆಯುತ್ತದೆ. ಹೊಸ ಶೂ ಹಾಕಿಕೊಂಡು ಹೋಗಬೇಡಿ.

ಈಗ ಉಪಕರಣ. ಹಿಂದಿನ ಸಂಜೆಯೇ ರೇಂಜ್‌ಫೈಂಡರ್‌ನಲ್ಲಿ ಮೂರು ಸಂಗತಿ ನೋಡಿಕೊಳ್ಳಿ. ಮೊದಲನೆಯದು ಅಳತೆಯ ಮಾನ. ಅನೇಕ ರೇಂಜ್‌ಫೈಂಡರ್‌ಗಳು ಗಜದಲ್ಲಿ ತೋರಿಸುತ್ತಿರುತ್ತವೆ. 60 ಗಜ ಎಂದರೆ ಸುಮಾರು 55 ಮೀಟರ್. ಯಾರೂ ಗಮನಿಸದಿದ್ದರೆ ಆ ಲೈನಿನ ಎಲ್ಲ ದೂರಗಳೂ ಒಂದೇ ಸಮ ತಪ್ಪುತ್ತವೆ, ಆಮೇಲೆ ಕಂಡುಹಿಡಿಯುವುದೂ ಕಷ್ಟ. ಎರಡನೆಯದು ಮೋಡ್. ಗಾಲ್ಫ್ ಆಡುವವರಿಗೆಂದು ಮಾಡಿದ ಅಗ್ಗದ ಮಾದರಿಗಳು ಎದುರಿಗೆ ಮೊದಲು ಸಿಕ್ಕಿದ ವಸ್ತುವಿನ ದೂರವನ್ನೇ ಹಿಡಿಯುತ್ತವೆ. ಬಂಡೀಪುರದಂಥ ಲಾಂಟಾನಾ ತುಂಬಿದ ಕಾಡಿನಲ್ಲಿ ಮೊದಲು ಸಿಗುವುದು ಲಾಂಟಾನಾ ಎಲೆ, ಜಿಂಕೆಯಲ್ಲ. ದೂರದ ವಸ್ತುವಿಗೆ ಆದ್ಯತೆ ಕೊಡುವ ಮೋಡ್ ಇದ್ದರೆ ಅದಕ್ಕೆ ಬದಲಿಸಿ, ಇಲ್ಲದ ಮಾದರಿಯನ್ನು ಕೊಳ್ಳಲೇಬೇಡಿ. ಮೂರನೆಯದು ಬ್ಯಾಟರಿ. ಜೇಬಿನಲ್ಲಿ ಇನ್ನೊಂದು ಇರಲಿ.

ದಿಕ್ಸೂಚಿಗೆ ಬಂದರೆ, ಕಣ್ಣಿಗೆ ಹಿಡಿದು ಡಿಗ್ರಿ ಓದುವ ಸೂಂಟೊ ಮಾದರಿಯದೇ ಒಳ್ಳೆಯದು. ಮೊಬೈಲಿನ ದಿಕ್ಸೂಚಿಯನ್ನು ನಂಬುವುದಾದರೆ ಅದರ ಅಯಸ್ಕಾಂತದ ಕವರ್ ತೆಗೆದು, ಗಾಳಿಯಲ್ಲಿ ಎಂಟರ ಆಕಾರ ಬರೆದು ಸರಿಪಡಿಸಿಕೊಂಡ ಮೇಲೆ ನಂಬಿ. ಯಾವುದೇ ದಿಕ್ಸೂಚಿಯಾದರೂ ಗಾರ್ಡ್ ಹೆಗಲಿನ ಕೋವಿಯಿಂದ ಎರಡು ಹೆಜ್ಜೆ ದೂರ ನಿಂತು ಓದಿ. ಸೊಂಟದ ಕತ್ತಿಯೂ ಮುಳ್ಳನ್ನು ಎಳೆಯುತ್ತದೆ.

ಕ್ಯಾಂಪಿನ ಅಂಗಳದಲ್ಲಿ ಐದಾರು ಮರಗಳ ದೂರವನ್ನು ಕಣ್ಣಂದಾಜಿನಲ್ಲಿ ಹೇಳಿ, ಆಮೇಲೆ ಅಳೆದು ನೋಡಿ. ಮೂವತ್ತು ಮೀಟರನ್ನು ಐವತ್ತು ಎಂದವರು ಬೇಸರಪಡಬೇಕಿಲ್ಲ, ಎಲ್ಲರದ್ದೂ ಅದೇ ಕಥೆ. ಆದರೆ ಕಾಡಿನಲ್ಲಿ ಕಣ್ಣಂದಾಜು ಬರೆಯಬಾರದು ಎಂಬುದು ಆಗ ಸರಿಯಾಗಿ ತಲೆಗೆ ಹೋಗುತ್ತದೆ.

ನಡಿಗೆ

ಬೆಳಕು ಹರಿದು ಇಪ್ಪತ್ತು ಮೀಟರ್ ಆಚೆಯ ಪೊದೆ ಸ್ಪಷ್ಟವಾಗಿ ಕಾಣುತ್ತಿದ್ದಂತೆ ಹೊರಡಿ. ಇಬ್ಬರು ಅಥವಾ ಮೂವರು, ಸಾಲಾಗಿ. ಗಂಟೆಗೆ ಒಂದರಿಂದ ಒಂದೂವರೆ ಕಿಲೋಮೀಟರ್ ವೇಗ ಸಾಕು. ಅದಕ್ಕಿಂತ ಬೇಗ ನಡೆದರೆ ಒಣ ತೇಗದೆಲೆ ನಿಮ್ಮ ಆಗಮನವನ್ನು ಡಂಗುರ ಸಾರುತ್ತದೆ. ಮಾತಿಲ್ಲ, ಕೈಸನ್ನೆ ಮಾತ್ರ.

ಕಣ್ಣು ಎಲ್ಲಿರಬೇಕು? ಹೊಸಬರು ಎಡಬಲದ ಪೊದೆಗಳನ್ನೇ ಜಾಲಾಡುತ್ತಾರೆ. ಈ ವಿಧಾನ ನಿಂತಿರುವುದೇ ಲೈನಿನ ಮೇಲೆ ಮತ್ತು ಅದಕ್ಕೆ ತೀರಾ ಹತ್ತಿರ ಇರುವ ಒಂದು ಪ್ರಾಣಿಯೂ ತಪ್ಪುವುದಿಲ್ಲ ಎಂಬ ನಂಬಿಕೆಯ ಮೇಲೆ. ಎಂಬತ್ತು ಮೀಟರ್ ಪಕ್ಕದ ಹಂದಿ ತಪ್ಪಿದರೆ ಲೆಕ್ಕ ಅದನ್ನು ಸರಿದೂಗಿಸಿಕೊಳ್ಳುತ್ತದೆ. ಮುಂದೆ ಲೈನಿನ ಮೇಲೇ ನಿಂತಿದ್ದ ಕಾಡುಕುರಿ ನಿಮ್ಮನ್ನು ಮೊದಲು ಕಂಡು ಜಾರಿಕೊಂಡರೆ ಸರಿದೂಗಿಸುವ ದಾರಿಯಿಲ್ಲ. ಆದ್ದರಿಂದ ನೋಟ ಮುಂದಕ್ಕಿರಲಿ, ಅಕ್ಕಪಕ್ಕ ಆಮೇಲೆ. ನಿಮ್ಮ ಜೊತೆಗೆ ಬರುವ ವಾಚರ್ (ಕಾಡಿನ ಕಾವಲುಗಾರ) ಜೇನುಕುರುಬರೋ ಸೋಲಿಗರೋ ಆಗಿದ್ದರೆ ಹತ್ತರಲ್ಲಿ ಎಂಟು ಸಲ ಪ್ರಾಣಿಯನ್ನು ಮೊದಲು ಕಾಣುವುದು ಅವರೇ. ಅವರನ್ನು ಹಿಂದೆ ಕಳಿಸಿ ನೀವು ಮುಂದೆ ನಡೆಯುವ ಹುಮ್ಮಸ್ಸು ಬೇಡ.

ಪ್ರಾಣಿ ಕಂಡಾಗ

ಇಲ್ಲಿ ನಿಧಾನಿಸಿ ಓದಿ. ಕಂಡ ತಕ್ಷಣ ಅಲ್ಲೇ ನಿಲ್ಲಿ. ಇನ್ನೊಂದು ಹೆಜ್ಜೆ ಮುಂದಿಟ್ಟರೆ ಚೆನ್ನಾಗಿ ಕಾಣುತ್ತದೆ ಎನಿಸುತ್ತದೆ, ಇಡಬೇಡಿ. ನಿಮಗೆ ಬೇಕಾದದ್ದು ಮೊದಲು ಕಂಡ ಗಳಿಗೆಯಲ್ಲಿ ನೀವೆಲ್ಲಿದ್ದಿರಿ, ಅದೆಲ್ಲಿತ್ತು ಎಂಬುದು.

ಮುಂದಿನ ಕೆಲಸದ ಕ್ರಮವನ್ನು ಬಾಯಿಪಾಠ ಮಾಡಿ: ಗುರುತು, ಎಣಿಕೆ, ಅಳತೆ. ಪ್ರಾಣಿ ನಿಂತಿದ್ದ ಜಾಗದ ಪಕ್ಕದಲ್ಲೇ ಒಂದು ಮರವನ್ನೋ ಹುತ್ತವನ್ನೋ ಗುರುತು ಮಾಡಿಕೊಳ್ಳಿ. ಆಮೇಲೆ ತಲೆ ಎಣಿಸಿ, ಏಕೆಂದರೆ ಹಿಂಡು ಯಾವ ಕ್ಷಣಕ್ಕೂ ಓಡಬಹುದು. ಅಳತೆ ಕೊನೆಗಿರಲಿ; ಮರ ಓಡುವುದಿಲ್ಲ. ಬಹಳಷ್ಟು ಮಂದಿ ಇದನ್ನು ತಿರುವುಮುರುವು ಮಾಡುತ್ತಾರೆ. ರೇಂಜ್‌ಫೈಂಡರ್ ತೆಗೆದು ಜಿಂಕೆಗೆ ಗುರಿಯಿಡುವಷ್ಟರಲ್ಲಿ ಅದು ಇಪ್ಪತ್ತು ಮೀಟರ್ ಜಿಗಿದಿರುತ್ತದೆ, ಇವರು ಜಿಗಿದ ಮೇಲಿನ ದೂರ ಬರೆಯುತ್ತಾರೆ. ಪ್ರಾಣಿಗಳು ನಮ್ಮಿಂದ ದೂರಕ್ಕೇ ಓಡುವುದರಿಂದ ಈ ತಪ್ಪು ಯಾವಾಗಲೂ ಒಂದೇ ಕಡೆಗೆ ವಾಲುತ್ತದೆ: ದೂರ ಹೆಚ್ಚಾಗಿ, ಕಾಡಿನಲ್ಲಿ ಪ್ರಾಣಿ ಕಡಿಮೆ ಇದ್ದಂತೆ ಲೆಕ್ಕ ಬರುತ್ತದೆ.

ಹಿಂಡಾದರೆ ದೂರವನ್ನು ಹಿಂಡಿನ ನಡುವಿಗೆ ಅಳೆಯಿರಿ. ಹತ್ತಿರದ ಜಿಂಕೆಗೆ ಅಳೆಯುವ ಚಟ ಎಲ್ಲರಿಗೂ ಇದೆ, ಅದೇ ಸುಲಭ. ಆದರೆ ಹನ್ನೆರಡು ಜಿಂಕೆ ನಲವತ್ತು ಮೀಟರ್ ಹರಡಿ ಮೇಯುತ್ತಿದ್ದರೆ ಹತ್ತಿರದ್ದಕ್ಕೂ ನಡುವಿಗೂ ಇಪ್ಪತ್ತು ಮೀಟರ್ ವ್ಯತ್ಯಾಸ ಬೀಳಬಹುದು. ಪೊದೆ ಅಡ್ಡವಿದ್ದರೆ ಗುರುತಿನ ಮರದ ಬೊಡ್ಡೆಗೆ ಮೂರು ಸಲ ಒತ್ತಿ ನೋಡಿ. 47, 48, 19 ಎಂದು ಬಂದರೆ 19 ಎಲೆಯ ದೂರ, ಅದನ್ನು ಬಿಡಿ. ಮೂರರ ಸರಾಸರಿ ತೆಗೆಯುವ ಜಾಣತನ ಬೇಡ. ತೀರಾ ಹತ್ತಿರದ್ದನ್ನು ಹಲವು ರೇಂಜ್‌ಫೈಂಡರ್‌ಗಳು ಹಿಡಿಯುವುದೇ ಇಲ್ಲ; ಅಲ್ಲಿ ಟೇಪ್ ಬಳಸಿ.

ಇನ್ನು ಕೋನ. ದಿಕ್ಸೂಚಿಯಲ್ಲಿ ಎರಡು ಅಂಕಿ ಓದಬೇಕು: ನೀವು ನಿಂತ ಜಾಗದಲ್ಲಿ ಲೈನ್ ಸಾಗುತ್ತಿರುವ ದಿಕ್ಕು, ಪ್ರಾಣಿ ಇದ್ದ ದಿಕ್ಕು. ಎರಡರ ವ್ಯತ್ಯಾಸವೇ ಕೋನ. ಅಡ್ಡ ದೂರ ಎಂದರೆ ಕಂಡ ದೂರವನ್ನು ಆ ಕೋನದ ಸೈನ್ ಬೆಲೆಯಿಂದ ಗುಣಿಸಿದ್ದು. ಲೈನ್ 40 ಡಿಗ್ರಿ, ಕಡವೆ 70 ಡಿಗ್ರಿ, ದೂರ 60 ಮೀಟರ್ ಎಂದಿಟ್ಟುಕೊಳ್ಳಿ. ಕೋನ 30, ಅಡ್ಡ ದೂರ 30 ಮೀಟರ್. ಅದೇ ಕಡವೆಯನ್ನು 60 ಡಿಗ್ರಿ ಎಂದು ಓದಿದರೆ ಅಡ್ಡ ದೂರ 20.5 ಮೀಟರಿಗೆ ಇಳಿಯುತ್ತದೆ. ಹತ್ತು ಡಿಗ್ರಿ ಸಡಿಲಕ್ಕೆ ಮೂರನೇ ಒಂದು ಪಾಲು ದೂರ ಮಾಯ. ದೂರವನ್ನು ಮೀಟರ್ ಲೆಕ್ಕದಲ್ಲಿ ಜತನದಿಂದ ಅಳೆದು, ಕೋನವನ್ನು 'ಸುಮಾರು ಮೂವತ್ತು' ಎಂದು ಬರೆಯುವವರು ಎಷ್ಟೋ.

ಲೈನ್ ಅಂಕುಡೊಂಕಾಗಿದ್ದರೆ ಆರಂಭದಲ್ಲಿ ಓದಿದ ದಿಕ್ಕನ್ನೇ ಕೊನೆಯವರೆಗೂ ಬರೆಯುವುದು ಇನ್ನೊಂದು ಸಾಮಾನ್ಯ ಕಳ್ಳದಾರಿ. ಪ್ರತಿ ಸಲವೂ ನಿಂತಲ್ಲೇ ಹೊಸದಾಗಿ ಓದಿ. ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಸೊನ್ನೆ. ಲೈನಿನಲ್ಲಿ ದೂರ ಮುಂದೆ ಕಂಡದ್ದನ್ನೆಲ್ಲ 'ಲೈನ್ ಮೇಲೇ ಇತ್ತು, ಕೋನ ಸೊನ್ನೆ' ಎಂದು ಬರೆದುಬಿಡುತ್ತಾರೆ. 80 ಮೀಟರ್ ಮುಂದಿನ ಪ್ರಾಣಿ ಬರೀ ಐದು ಡಿಗ್ರಿ ಪಕ್ಕಕ್ಕಿದ್ದರೂ ಲೈನಿನಿಂದ ಏಳು ಮೀಟರ್ ಆಚೆ ಇರುತ್ತದೆ. ಸೊನ್ನೆಗಳು ಗುಡ್ಡೆಯಾದರೆ ದೂರ ಹೆಚ್ಚಿದಂತೆ ಇಳಿಯುವ ಆ ಲೆಕ್ಕದ ವಕ್ರರೇಖೆಯ ಬುಡವೇ ಸೊಟ್ಟಗಾಗಿ, ಇಲ್ಲದ ಪ್ರಾಣಿಗಳು ಕಾಗದದ ಮೇಲೆ ಹುಟ್ಟುತ್ತವೆ. ಒಂದು ಪ್ರಭೇದಕ್ಕೆ ನಂಬಬಹುದಾದ ಲೆಕ್ಕ ಬರಲು 60ರಿಂದ 80 ಸಲವಾದರೂ ಅದು ಕಾಣಬೇಕು ಎನ್ನುತ್ತಾರೆ ಈ ವಿಧಾನ ಬಲ್ಲವರು. ಕಾಡುಕುರಿಯಂಥ ಒಂಟಿ ಪ್ರಾಣಿಗೆ ಅಷ್ಟು ಒಟ್ಟಾಗುವುದೇ ಕಷ್ಟ, ಅದರಲ್ಲಿ ಹತ್ತು ಸೊನ್ನೆ ಸೇರಿದರೆ ಮುಗಿಯಿತು.

ಏನನ್ನು ಬರೆಯಬಾರದು? ಬೊಗಳಿದ ಸದ್ದು ಮಾತ್ರ ಕೇಳಿಸಿದ ಕಾಡುಕುರಿ. ಹಿಂತಿರುಗಿ ಬರುವಾಗ ಕಂಡ ಕಾಟಿ. ನಿಮ್ಮನ್ನು ಕಂಡು ಮುಂದಕ್ಕೋಡಿ ಇನ್ನೂರು ಮೀಟರ್ ಆಚೆ ಮತ್ತೆ ಎದುರಾದ ಅದೇ ಹಿಂಡು. ಸದ್ದು ಕೇಳಿ ತಿರುಗಿದಾಗ ಪ್ರಾಣಿ ಕಂಡರೆ ಅದು ದಾಖಲೆಗೆ ಸರಿ.

ಆನೆ ಎದುರಾದರೆ ಅಳತೆ, ಕೋನ ಎಲ್ಲ ಬದಿಗಿಟ್ಟು ವಾಚರ್ ಹೇಳಿದತ್ತ ಹೊರಡಿ. ಲೈನನ್ನು ಎಲ್ಲಿ ಬಿಟ್ಟಿರಿ ಎಂಬ ಜಿಪಿಎಸ್ ಬಿಂದುವನ್ನು ಆಮೇಲೆ ಬರೆದರಾಯಿತು, ನಡೆದಷ್ಟು ಉದ್ದ ಲೆಕ್ಕಕ್ಕೆ ಬರುತ್ತದೆ. ನಡೆಯದ ಉದ್ದವನ್ನು ನಡೆದಂತೆ ಬರೆಯುವುದು ಮಾತ್ರ ಶುದ್ಧ ಮೋಸ.

ಉಳಿದ ಕೆಲಸಗಳು

ಮಾಂಸಾಹಾರಿಗಳ ಕುರುಹು ಹುಡುಕುವ ನಡಿಗೆ ಸುಲಭ: ಬೀಟಿನೊಳಗೆ (ಒಬ್ಬ ಗಾರ್ಡ್ ನೋಡಿಕೊಳ್ಳುವ ಕಾಡಿನ ತುಂಡು) ಹುಲಿ, ಚಿರತೆ ಓಡಾಡುವ ದಾರಿ ಹಿಡಿದು ಹೆಜ್ಜೆ, ಮಲ, ನೆಲ ಕೆರೆದ ಗುರುತು, ಮರ ಪರಚಿದ ಗುರುತು ಕಂಡಲ್ಲಿ ದಾಖಲಿಸುತ್ತಾ ಹೋಗುವುದು. ಹೆಜ್ಜೆಯಲ್ಲಿ ಉಗುರು ಮೂಡಿದ್ದರೆ ಸೀಳುನಾಯಿಯನ್ನು ನೆನೆಯಿರಿ. ಹುಲಿ, ಚಿರತೆ ನಡೆಯುವಾಗ ಉಗುರು ಒಳಗಿರುತ್ತದೆ. ಮಲವನ್ನು ಮುಟ್ಟಬೇಡಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಹೆಜ್ಜೆ ಅಳೆದು ಹುಲಿ ಎಷ್ಟೆಂದು ಹೇಳುವ ಹಳೆಯ ಪದ್ಧತಿ 2006ರ ಗಣತಿಗೇ ಕೈಬಿಟ್ಟದ್ದು. ಈಗ ಕ್ಯಾಮೆರಾದಲ್ಲಿ ಪಟ್ಟೆ ನೋಡಿ ಗುರುತಿಸುತ್ತಾರೆ. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಆ ವಿಧಾನವನ್ನು ಪಳಗಿಸಿದ್ದು ನಾಗರಹೊಳೆಯಲ್ಲೇ. ಕ್ಯಾಮೆರಾ ಕಟ್ಟುವವರ ಜೊತೆ ಹೋದರೆ ಎರಡು ಮಾತು ನೆನಪಿಡಿ. ಹುಲಿಯ ಎಡ ಮೈ ಪಟ್ಟೆಯೂ ಬಲ ಮೈ ಪಟ್ಟೆಯೂ ಬೇರೆ, ಆದ್ದರಿಂದ ದಾರಿಯ ಎರಡೂ ಬದಿಗೆ ಕ್ಯಾಮೆರಾ ಬೇಕು, ಒಂದರ ಫ್ಲ್ಯಾಶ್ ಇನ್ನೊಂದರ ಕಣ್ಣಿಗೆ ಹೊಡೆಯದಂತೆ ತುಸು ಓರೆಯಾಗಿ. ಎದುರಿನ ಹುಲ್ಲನ್ನು ಸವರದಿದ್ದರೆ ಗಾಳಿಗೆ ತೂಗುವ ಒಂದೇ ಎಸಳು ಮೆಮೊರಿ ಕಾರ್ಡ್ ತುಂಬಿಸುತ್ತದೆ.

ದಾಖಲೆ

ಗಣತಿಯ ಮೊಬೈಲ್ ಆ್ಯಪ್‌ನಲ್ಲಿ ಟ್ರ್ಯಾಕನ್ನು (ನಡೆದ ದಾರಿಯ ದಾಖಲೆ) ಲೈನಿನ ಮೊದಲ ಕಂಬದ ಬಳಿಯೇ ಶುರುಮಾಡಿ, ಜೀಪಿನಲ್ಲಿ ಕೂತಾಗಲ್ಲ. ಮೊಬೈಲನ್ನು ಏರೋಪ್ಲೇನ್ ಮೋಡ್‌ನಲ್ಲಿಟ್ಟರೂ ಜಿಪಿಎಸ್ ನಡೆಯುತ್ತದೆ, ಬ್ಯಾಟರಿ ಉಳಿಯುತ್ತದೆ. ಜೊತೆಗೆ ಕಾಗದದ ಹಾಳೆಯೂ ಇರಲಿ, ಬರೆಯಲು ಪೆನ್ಸಿಲ್. ಇಬ್ಬನಿ ಬಿದ್ದ ಹಾಳೆಯ ಮೇಲೆ ಜೆಲ್ ಪೆನ್ನಿನ ಅಕ್ಷರ ನೀಲಿ ಕಲೆಯಾಗಿಬಿಡುತ್ತದೆ. ಇಡೀ ಲೈನಿನಲ್ಲಿ ಏನೂ ಕಾಣದಿದ್ದರೆ 'ಏನೂ ಕಾಣಲಿಲ್ಲ' ಎಂದೇ ಬರೆದು ಸಹಿ ಹಾಕಿ. ಖಾಲಿ ಹಾಳೆ ಕೊಡಲು ನಾಚಿ, ಕ್ಯಾಂಪಿನ ಬಳಿ ಕಂಡ ನಾಲ್ಕು ಜಿಂಕೆಯನ್ನು ತುರುಕುವವರಿದ್ದಾರೆ.

ಹುಲಿ ಕಂಡರೆ ದಾಖಲಿಸಿ, ರೇಂಜ್ ಆಫೀಸಿಗೆ ಹೇಳಿ, ಅಲ್ಲಿಗೆ ಬಿಡಿ. ಹಂಚಿದ ಫೋಟೊದೊಳಗೆ ಜಾಗದ ಅಕ್ಷಾಂಶ ರೇಖಾಂಶ ಅಡಗಿರಬಹುದು, ಅದನ್ನು ಹುಡುಕುವವರೆಲ್ಲ ಪ್ರವಾಸಿಗರಲ್ಲ.

ಮಧ್ಯಾಹ್ನದೊಳಗೆ ಹಾಳೆಯನ್ನೂ ಆ್ಯಪನ್ನೂ ತಾಳೆ ನೋಡಿ ಗಾರ್ಡ್ ಕೈಗೆ ಕೊಡಿ. ನೆನಪು ಹಸಿಯಾಗಿರುವಾಗಲೇ 47ರ ಜಾಗದಲ್ಲಿ 74 ಬಿದ್ದಿದ್ದರೆ ಸಿಕ್ಕಿಬೀಳುತ್ತದೆ. ಆಮೇಲೆ ಮಂಡಿಸಂದು, ಕಂಕುಳು, ಸೊಂಟದ ಪಟ್ಟಿಯ ಅಡಿ ಉಣ್ಣೆ ಹುಡುಕಿಕೊಳ್ಳಿ, ಸ್ನಾನ ಮಾಡಿ, ಮಲಗಿ. ಮರುದಿನ ಅದೇ ಲೈನ್, ಅದೇ ಹೊತ್ತು. ನಿನ್ನೆ ಕಂಡ ಹಿಂಡೇ ಇವತ್ತೂ ಅದೇ ಹಡ್ಲಿನಲ್ಲಿ (ಕಾಡಿನ ತೇವದ ಹುಲ್ಲುಬಯಲು) ಮೇಯುತ್ತಿದ್ದರೆ ಇದನ್ನು ನಿನ್ನೆಯೇ ಎಣಿಸಿದ್ದೆವಲ್ಲ ಎಂದು ಬಿಡಬೇಡಿ. ಪ್ರತಿ ದಿನದ ನಡಿಗೆಯೂ ಬೇರೆ ಲೆಕ್ಕ. ಮತ್ತೆ ಗುರುತು, ಎಣಿಕೆ, ಅಳತೆ.