ಉಕ್ಕಿನ ಸುಂಕದ ವಿಚಾರಣೆ: ಸಣ್ಣ ವರ್ಕ್‌ಶಾಪ್ ತನ್ನ ಮಾತು ಹೇಳುವುದು ಹೇಗೆ?

ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರ ಕೈಗಾರಿಕಾ ಪ್ರದೇಶಗಳಲ್ಲಿ ಉಕ್ಕಿನ ಶೀಟು ಕತ್ತರಿಸಿ, ಬಗ್ಗಿಸಿ, ವೆಲ್ಡ್ ಮಾಡುವವರಿಗೆ ಸುಂಕದ ಸುದ್ದಿ ಬರುವುದು ಡೀಲರ್ ಫೋನಿನಲ್ಲೇ. ‘ಡ್ಯೂಟಿ ಹಾಕಿದ್ದಾರೆ, ರೇಟ್ ಜಾಸ್ತಿ’ ಅಂದರೆ ಮುಗಿಯಿತು. ಆದರೆ ಆ್ಯಂಟಿ ಡಂಪಿಂಗ್ ಸುಂಕ ರಾತ್ರೋರಾತ್ರಿ ಬರುವಂಥದ್ದಲ್ಲ. ಸುಮಾರು ಒಂದು ವರ್ಷ ವಿಚಾರಣೆ ನಡೆಯುತ್ತದೆ. ಅಲ್ಲಿ ಉಕ್ಕು ತಯಾರಿಸುವವರಷ್ಟೇ ಅಲ್ಲ, ಬಳಸುವವರೂ ಮಾತಾಡಬಹುದು.

ಮೊದಲು ಯಾವ ಸುಂಕ ಅಂತ ತಿಳಿದುಕೊಳ್ಳಿ. ಹೊರದೇಶದ ಕಂಪನಿ ತನ್ನ ದೇಶದಲ್ಲಿ ಮಾರುವ ಬೆಲೆಗಿಂತ ಅಗ್ಗವಾಗಿ ಇಲ್ಲಿಗೆ ಕಳಿಸಿದರೆ ಆ್ಯಂಟಿ ಡಂಪಿಂಗ್ ಸುಂಕ. ಅಲ್ಲಿನ ಸರ್ಕಾರ ಸಬ್ಸಿಡಿ ಕೊಟ್ಟಿದ್ದರೆ ಬೇರೆ ಸುಂಕ. ಯಾರ ತಪ್ಪೂ ಇಲ್ಲದೆ ಆಮದು ದಿಢೀರ್ ಏರಿ ಇಲ್ಲಿನ ಗಿರಣಿಗಳಿಗೆ ಪೆಟ್ಟು ಬಿದ್ದರೆ ಸೇಫ್‌ಗಾರ್ಡ್ ಸುಂಕ. 2025ರ ಏಪ್ರಿಲ್‌ನಲ್ಲಿ ಚಪ್ಪಟೆ ಉಕ್ಕಿನ ಮೇಲೆ 200 ದಿನಗಳಿಗೆ ಹಾಕಿದ 12% ಈ ಕೊನೆಯ ಜಾತಿಯದು.

ಮುಂದಿನ ಕೆಲಸ, ನಿಮ್ಮ ಬಿಲ್ಲಿನಲ್ಲಿರುವ ಎಚ್‌ಎಸ್‌ಎನ್ ಕೋಡ್, ಅಂದರೆ ಸರಕು ಯಾವುದೆಂದು ಗುರುತಿಸುವ ಸಂಖ್ಯೆ ನೋಡುವುದು. ಹಾಟ್ ರೋಲ್ಡ್ ಆದರೆ 7208, ಕೋಲ್ಡ್ ರೋಲ್ಡ್ 7209, ಲೇಪನದ್ದು 7210, ಸ್ಟೇನ್‌ಲೆಸ್ 7219. ಕೋಡ್ ಒಂದನ್ನೇ ನಂಬಬೇಡಿ. ವಿಚಾರಣೆಯ ಅಧಿಸೂಚನೆಯಲ್ಲಿ ಬರೆದಿರುವ ದಪ್ಪ, ಅಗಲ, ಗ್ರೇಡಿನ ವಿವರಣೆಯೇ ಕೊನೆಯ ಮಾತು. ಈ ಅಧಿಸೂಚನೆಗಳು ಇಂಥ ವಿಚಾರಣೆ ನಡೆಸುವ, ಕೇಂದ್ರ ವಾಣಿಜ್ಯ ಸಚಿವಾಲಯದ ವಿಭಾಗವಾದ ಡಿಜಿಟಿಆರ್ ವೆಬ್‌ಸೈಟಿನಲ್ಲಿ ಸಿಗುತ್ತವೆ.

ಆ್ಯಂಟಿ ಡಂಪಿಂಗ್ ಸುಂಕದ ಲೆಕ್ಕ ಹೀಗೆ. ಬರೀ ಉದಾಹರಣೆಗೆ, ಹೊರದೇಶದ ಗಿರಣಿ ಟನ್ ಶೀಟನ್ನು ತನ್ನ ದೇಶದಲ್ಲಿ ₹60,000ಕ್ಕೆ ಮಾರುತ್ತದೆ, ಭಾರತಕ್ಕೆ ₹50,000ಕ್ಕೆ ಕಳಿಸುತ್ತದೆ ಅನ್ನಿ. ಡಂಪಿಂಗ್ ವ್ಯತ್ಯಾಸ ₹10,000. ಹಾಗಂತ ಅಷ್ಟೂ ಸುಂಕ ಬೀಳುವುದಿಲ್ಲ. ಇಲ್ಲಿನ ಗಿರಣಿಗೆ ನಷ್ಟವಾಗದ ಬೆಲೆ ₹60,000, ಆ ಆಮದು ಮಾಲು ಕಸ್ಟಮ್ಸ್ ಸೇರಿ ಬಂದಿಳಿಯುವ ಬೆಲೆ ₹54,000 ಆದರೆ, ಹಾನಿಯ ಅಂತರ ₹6,000 ಮಾತ್ರ. ಎರಡರಲ್ಲಿ ಕಡಿಮೆ ಇರುವುದನ್ನೇ ಹಾಕುವುದು ನಮ್ಮ ದೇಶದ ನಿಯಮ. ಡಂಪಿಂಗ್ ಅಂತರ 2%ಕ್ಕಿಂತ ಕಡಿಮೆ ಇದ್ದರೆ ಸುಂಕವೇ ಇಲ್ಲ.

‘ನಾನು ಆಮದೇ ಮಾಡಲ್ಲ, ಬೆಂಗಳೂರಿನ ಡೀಲರ್ ಹತ್ತಿರ ತರ್ತೀನಿ, ನನಗೇನು?’ ಅನ್ನಬಹುದು. ಆಮದು ದುಬಾರಿಯಾದರೆ ದೇಶಿ ಗಿರಣಿಗೂ ದರ ಏರಿಸಲು ಜಾಗ ಸಿಗುತ್ತದೆ ಅಲ್ವಾ? ಆಮದುದಾರರಿಗಂತೂ ಇನ್ನೊಂದು ಹೊಡೆತ: ಆಮದಿನ ಮೇಲೆ ಕಟ್ಟಿದ ಐಜಿಎಸ್‌ಟಿ ತೆರಿಗೆಗೆ ಕ್ರೆಡಿಟ್ ಸಿಗುತ್ತದೆ, ಆ್ಯಂಟಿ ಡಂಪಿಂಗ್ ಸುಂಕಕ್ಕೆ ಸಿಗುವುದಿಲ್ಲ. ಅದು ನೇರವಾಗಿ ಖರ್ಚು.

ಮುಖ್ಯ ಹೆಜ್ಜೆ ಈಗ. ವಿಚಾರಣೆ ಶುರುವಾದ ಅಧಿಸೂಚನೆ ಬಂದ ಮೇಲೆ ಆಸಕ್ತ ಪಕ್ಷವಾಗಿ ಹೆಸರು ಕೊಟ್ಟು, ಬಳಕೆದಾರರ ಪ್ರಶ್ನಾವಳಿ ತುಂಬಲು ಸಿಗುವುದು ಸಾಮಾನ್ಯವಾಗಿ 30 ದಿನ. ಒಬ್ಬರೇ ಒದ್ದಾಡುವ ಬದಲು ನಿಮ್ಮ ಕೈಗಾರಿಕಾ ಸಂಘದ ಮೂಲಕ ಹೋಗುವುದು ಮೇಲು. ಉತ್ತರ ಎರಡು ಪ್ರತಿ ಬೇಕು: ಗೋಪ್ಯ ಅಂಕಿಗಳಿರುವುದೊಂದು, ಎಲ್ಲರೂ ಓದಬಹುದಾದದ್ದೊಂದು. ಎರಡನೆಯದನ್ನು ಮರೆತರೆ ಕಷ್ಟಪಟ್ಟು ಬರೆದ ಮೊದಲನೆಯದನ್ನೂ ಪಕ್ಕಕ್ಕಿಡಬಹುದು.

ಏನು ಬರೆಯಬೇಕು? ‘ಸಣ್ಣ ಉದ್ಯಮ ಸಾಯುತ್ತಿದೆ’ ಅಂತ ಸುಮ್ನೆ ಗೋಳಾಡಿದರೆ ತೂಕವಿಲ್ಲ. ತಿಂಗಳುವಾರು ಖರೀದಿ ದರ, ನಿಮ್ಮ ಸರಕಿನ ವೆಚ್ಚದಲ್ಲಿ ಶೀಟಿನ ಪಾಲು, ಇವು ಬೇಕು. ನನ್ನ ಪ್ರಕಾರ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ, ನಿಮಗೆ ಬೇಕಾದ ಗ್ರೇಡನ್ನು ಇಲ್ಲಿನ ಗಿರಣಿಗಳು ಕೊಡುವುದಿಲ್ಲ ಎನ್ನುವ ಪತ್ರ. ಆರ್ಡರ್ ಕೇಳಿದ್ದು, ಅವರು ‘ಆಗಲ್ಲ’ ಅಂದದ್ದು ಇಮೇಲಿನಲ್ಲಿದ್ದರೆ, ಆ ಗ್ರೇಡನ್ನು ಸುಂಕದಿಂದ ಹೊರಗಿಡಿ ಎಂದು ಕೇಳಬಹುದು. ಫೋನಿನಲ್ಲಿ ಆಡಿದ ಮಾತು ಸಾಕ್ಷಿಯಾಗದು.

ಆಮೇಲೆ ಮೌಖಿಕ ವಿಚಾರಣೆ, ಕೊನೆಗೆ ಡಿಜಿಟಿಆರ್ ಶಿಫಾರಸು. ಅದು ಶಿಫಾರಸಷ್ಟೇ, ಸುಂಕ ಹಾಕುವುದು ಹಣಕಾಸು ಸಚಿವಾಲಯ. ಹಾಕಿದರೆ ಸಾಮಾನ್ಯವಾಗಿ 5 ವರ್ಷ. ಆ ಅವಧಿ ಮುಗಿಯುವ ಮುಂಚೆ ಮುಂದುವರಿಸಬೇಕೇ ಎಂದು ಮರುಪರಿಶೀಲನೆ ನಡೆಯಬಹುದು, ಅಲ್ಲೂ ಬಳಕೆದಾರರಿಗೆ ಅವಕಾಶವಿದೆ. ಹಾಗಾಗಿ ಆ ಗ್ರೇಡಿನ ಬಿಲ್ಲು, ಇಮೇಲುಗಳನ್ನು ಎಸೆಯಬೇಡಿ.