ಚಳಿಯನ್ನು ಅಳೆದ ಮೇಲೆ ಆರಿಸಿದ ಬ್ಲೂಬೆರಿ

ಹೊಸನಗರ ತಾಲ್ಲೂಕಿನ ನಮ್ಮ ಮನೆಯ ಹಿತ್ತಿಲಿನಲ್ಲಿ ಈಗ ಹನ್ನೊಂದು ಬ್ಲೂಬೆರಿ ಗಿಡಗಳಿವೆ. ಮೊದಲು ನೆಟ್ಟ ಮೂರು ಈ ಲೆಕ್ಕದಲ್ಲಿಲ್ಲ. ಅವನ್ನು ನಾಲ್ಕು ವರ್ಷ ಸಾಕಿದೆ, ಒಂದು ಹೂವನ್ನೂ ಕಾಣಲಿಲ್ಲ, ಕೊನೆಗೆ ಬೇಸರದಿಂದಲೇ ಕಿತ್ತೆ. ತಪ್ಪು ಗಿಡದ್ದಾಗಿರಲಿಲ್ಲ. ಅವುಗಳ ಕೊರಳಿಗೆ ಕಟ್ಟಿದ್ದ ಚೀಟಿಯಲ್ಲಿ ‘ಬ್ಲೂಕ್ರಾಪ್’ ಎಂದಿತ್ತು. 1952ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ, ಚಳಿಸೀಮೆಗಳಲ್ಲಿ ತುಂಬ ಹೆಸರು ಮಾಡಿದ ತಳಿ ಅದು. ಮಾರಿದವರು ದೊಡ್ಡ ಹಣ್ಣು, ಒಳ್ಳೆಯ ಇಳುವರಿ ಎಂದಷ್ಟೇ ಹೇಳಿದ್ದರು. ಅದಕ್ಕೆ ಎಷ್ಟು ಚಳಿ ಬೇಕು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬ್ಲೂಬೆರಿ ಮೂಲತಃ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ಗಿಡ. ಮಲಗಿದ ಮೊಗ್ಗು ಎಚ್ಚರಗೊಳ್ಳಬೇಕಾದರೆ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣಾಂಶದಲ್ಲಿ ಇಂತಿಷ್ಟು ಗಂಟೆ ಕಳೆದಿರಬೇಕು. ಬ್ಲೂಕ್ರಾಪ್‌ಗೆ ಅಂಥ 800 ಗಂಟೆಗಳಾದರೂ ಬೇಕು. ಅದು ಸಿಗದಿದ್ದರೆ ಹೇಗಿರುತ್ತದೆ ಎಂಬುದನ್ನು ನಾನು ದಿನವೂ ನೋಡಿದ್ದೇನೆ: ರೆಂಬೆಯಲ್ಲಿ ಅಲ್ಲೊಂದು ಇಲ್ಲೊಂದು ಚಿಗುರು, ತುದಿಯೆಲ್ಲ ಬೋಳು. ಗಿಡ ಸಾಯುವುದೂ ಇಲ್ಲ, ಏಳುವುದೂ ಇಲ್ಲ.

ಈ ವಿಷಯ ತಿಳಿದ ಮೇಲೆ ಹೊಸ ಗಿಡ ತರುವ ಮೊದಲು ಒಂದು ಥರ್ಮಾಮೀಟರ್ ತಂದೆ. ರಾತ್ರಿಯ ಅತಿ ಕಡಿಮೆ ಉಷ್ಣಾಂಶವನ್ನು ಹಿಡಿದಿಟ್ಟು ತೋರಿಸುವಂಥದ್ದು. ಅದನ್ನು ಹಿತ್ತಿಲ ಬೇಲಿಯ ನೆರಳಿನಲ್ಲಿ ತೂಗುಹಾಕಿ, ಎರಡು ಚಳಿಗಾಲ ಬೆಳಿಗ್ಗೆ ಎದ್ದ ಕೂಡಲೇ ನೋಡಿ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟೆ. ಹೆಚ್ಚಿನ ದಿನ 13, 14. ಇಬ್ಬನಿ ದಟ್ಟವಾಗಿ ಬಿದ್ದ ಜನವರಿಯ ಒಂದು ಬೆಳಿಗ್ಗೆ 11. ಅದೇ ಕನಿಷ್ಠ. ಮಾಗಿಯಲ್ಲಿ ನಾವು ಕಂಬಳಿ ಹೊದ್ದು ಬಚ್ಚಲೊಲೆಯ ಮುಂದೆ ಕೂರುತ್ತೇವೆ ನಿಜ, ಆದರೆ ಬ್ಲೂಬೆರಿಯ ಲೆಕ್ಕದಲ್ಲಿ ನಮ್ಮ ಊರಿನ ಚಳಿ ಸೊನ್ನೆ ಗಂಟೆ. ನಾಲ್ಕು ವರ್ಷಗಳಲ್ಲಿ ಕಲಿಯದ್ದನ್ನು ಆ ಕ್ಯಾಲೆಂಡರ್ ಕಲಿಸಿತು. ಮಲೆನಾಡಿನಲ್ಲಿ ತಳಿ ಆರಿಸುವವರು ಮೊದಲು ನೋಡಬೇಕಾದದ್ದು ಹಣ್ಣಿನ ಗಾತ್ರವನ್ನಲ್ಲ, ಮಲಗದೆಯೇ ಫಲ ಕೊಡುವ ಗುಣವನ್ನು.

ಆ ಗುಣ ಬಂದದ್ದು ಫ್ಲೋರಿಡಾದ ಒಂದು ಕಾಡುಗಿಡದಿಂದ. ಅಲ್ಲಿನ ತಳಿತಜ್ಞರು ಉತ್ತರದ ಬ್ಲೂಬೆರಿಯನ್ನು ತಮ್ಮ ಕಡೆಯ ನಿತ್ಯಹಸಿರು ಜಾತಿಯಾದ ವ್ಯಾಕ್ಸಿನಿಯಂ ಡ್ಯಾರೋವಿಯೊಂದಿಗೆ ಕೂಡಿಸಿ ‘ಸದರ್ನ್ ಹೈಬುಷ್’ ಎಂಬ ಗುಂಪನ್ನು ಬೆಳೆಸಿದರು. ಇವುಗಳಲ್ಲಿ ಕೆಲವಕ್ಕೆ 500 ಗಂಟೆಯ ಚಳಿ ಬೇಕು, ಕೆಲವಕ್ಕೆ 150 ಸಾಕು. ಆ ಕೊನೆಯ ಸಾಲಿನವು ಬೆಚ್ಚಗಿನ ಊರಿನಲ್ಲಿ ಎಲೆ ಉದುರಿಸದೆ, ಸವರಿದ ಮೇಲೆ ಚಿಗುರಿ, ಚಿಗುರು ಬಲಿತಾಗ ಹೂ ಬಿಡುತ್ತವೆ. ‘ರ್ಯಾಬಿಟ್‌ಐ’ ಎಂಬ ಇನ್ನೊಂದು ಗುಂಪಿದೆ. ಬಿಸಿಲು ತಾಳುತ್ತದೆ ಎಂದು ಅದನ್ನು ನಮ್ಮಂಥ ಕಡೆಗೆ ಸೂಚಿಸುವವರಿದ್ದಾರೆ. ಅದರ ತಳಿಗಳಿಗೂ ಕೆಲವು ನೂರು ಗಂಟೆಯ ಚಳಿ ಬೇಕಾದ್ದರಿಂದ ನಾನು ಆ ಕಡೆ ಹೋಗಲಿಲ್ಲ.

ನಾಲ್ಕು ತಳಿಗಳನ್ನು ಮೂರು ಮೂರರಂತೆ ತಂದೆ: ಬಿಲಾಕ್ಸಿ, ಮಿಸ್ಟಿ, ಶಾರ್ಪ್‌ಬ್ಲೂ, ಸನ್‌ಶೈನ್ ಬ್ಲೂ. ಎರಡು ತಳಿಗಳ ಪರಾಗ ಬೆರೆತರೆ ಹಣ್ಣು ದಪ್ಪವಾಗುತ್ತದೆ, ಬೇಗ ಮಾಗುತ್ತದೆ. ಹಾಗಾಗಿ ಒಂದೇ ತಳಿ ನೆಡಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬಿಲಾಕ್ಸಿಯ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ಭರವಸೆ. ಅಮೆರಿಕದ ಕೃಷಿ ಇಲಾಖೆ 1998ರಲ್ಲಿ ಮಿಸಿಸಿಪ್ಪಿಯಲ್ಲಿ ಬಿಡುಗಡೆ ಮಾಡಿದ ಇದನ್ನು ಪೆರುವಿನಂಥ ಚಳಿಯಿಲ್ಲದ ದೇಶಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಬೆಳೆದಿದ್ದಾರೆ. ನೆಟ್ಟಗೆ ಬೆಳೆಯುತ್ತದೆ, ಬುಡದಿಂದ ಹೊಸ ಕಾಂಡಗಳನ್ನು ಧಾರಾಳವಾಗಿ ಕೊಡುತ್ತದೆ. ಹಣ್ಣು ಮಧ್ಯಮ ಗಾತ್ರದ್ದು, ಗಟ್ಟಿ, ಸಿಹಿಯ ಹಿಂದೆಯೇ ಸಣ್ಣ ಹುಳಿ. ಶಾರ್ಪ್‌ಬ್ಲೂ ಇದಕ್ಕಿಂತ ಹಳೆಯದು, ಹಣ್ಣು ಮೆತ್ತಗೆ; ಪೇಟೆಗೆ ಕಳಿಸಲು ಆಗುವುದಿಲ್ಲ. ಮನೆಯಲ್ಲಿ ತಿನ್ನಲು ಮಾತ್ರ ನನ್ನ ನಾಲಗೆಗೆ ಅದರ ರುಚಿಯೇ ಮೇಲು. ಮಿಸ್ಟಿ ಎರಡನೆಯ ವರ್ಷ ಗಿಡ ಕಾಣದಷ್ಟು ಹೂ ಬಿಟ್ಟಿತು. ಆ ಸಂತೋಷದಲ್ಲಿ ನಾನು ಒಂದನ್ನೂ ಕೀಳಲಿಲ್ಲ. ಹಣ್ಣುಗಳೆಲ್ಲ ಮೆಣಸಿನ ಕಾಳಿನಷ್ಟಾದವು, ಒಂದು ಗಿಡ ಆ ಭಾರದಿಂದ ಚೇತರಿಸಿಕೊಳ್ಳದೆ ಮಳೆಗಾಲದಲ್ಲಿ ಒಣಗಿತು. ಶಕ್ತಿ ಮೀರಿ ಹೂ ಬಿಡುವುದು ಆ ತಳಿಯ ಸ್ವಭಾವ. ಈಗ ಅದರ ಅರ್ಧ ಮೊಗ್ಗುಗಳನ್ನು ಕೈಯಾರೆ ಚಿವುಟುತ್ತೇನೆ. ಯಾವ ತಳಿಯಾದರೂ ಮೊದಲ ವರ್ಷದ ಹೂವನ್ನು ಪೂರ್ತಿ ತೆಗೆಯುವುದು ಒಳ್ಳೆಯದು. ಸನ್‌ಶೈನ್ ಬ್ಲೂ ಮೂರು ನಾಲ್ಕು ಅಡಿಗೇ ನಿಲ್ಲುವ ಕುಳ್ಳ ಗಿಡ. ಅಂಗಳದಲ್ಲಿ ಕುಂಡದಲ್ಲಿ ಬೆಳೆಸುವವರಿಗೆ ಅದನ್ನೇ ಹೇಳುತ್ತೇನೆ.

ಮಣ್ಣಿನ ವಿಷಯದಲ್ಲಿ ಮಲೆನಾಡು ನಮಗೆ ಅನುಕೂಲವಾಗಿದೆ. ಬ್ಲೂಬೆರಿಗೆ ಹುಳಿ ಮಣ್ಣು ಬೇಕು, ಪಿಎಚ್ 4.5ರಿಂದ 5.5. ಪರೀಕ್ಷೆ ಮಾಡಿಸಿದಾಗ ಬ್ಯಾಣದ, ಅಂದರೆ ತೋಟಕ್ಕೆ ಹೊಂದಿದ ಹುಲ್ಲುಗಾವಲಿನ, ಕೆಂಪು ಮಣ್ಣು 5.2 ಬಂತು, ಅಡಿಕೆ ತೋಟದ ಮಣ್ಣು 6.4. ತೋಟಕ್ಕೆ ಅಪ್ಪನ ಕಾಲದಿಂದಲೂ ಸುಣ್ಣ ಹಾಕುತ್ತ ಬಂದಿದ್ದೇವೆ. ನೀರಿನ ಅನುಕೂಲ ನೋಡಿ ತೋಟದ ಅಂಚಿನಲ್ಲಿ ನೆಡಬೇಕೆಂದಿದ್ದವನು ಬ್ಯಾಣದ ಪಕ್ಕಕ್ಕೆ ಬಂದದ್ದು ಆ ಒಂದು ಅಂಕಿಯಿಂದ.

ಆದರೂ ಸುಣ್ಣದಂಥದ್ದೇ ಇನ್ನೊಂದು ವಸ್ತು ಮನೆಯೊಳಗಿನಿಂದ ಬಂತು. ಹಿತ್ತಿಲ ಗಿಡಗಳಿಗೆಲ್ಲ ಬಚ್ಚಲೊಲೆಯ ಬೂದಿ ಹಾಕುವುದು ಅಮ್ಮನ ರೂಢಿ. ತೊಂಡೆ, ಬದನೆ, ಬಾಳೆ ಎಲ್ಲವೂ ಅದರಿಂದ ಚೆನ್ನಾಗಿ ಬಂದಿವೆ. ಎರಡು ಬಿಲಾಕ್ಸಿ ಗಿಡಗಳಿಗೂ ಪ್ರೀತಿಯಿಂದ ಒಂದೊಂದು ಮೊರ ಬೂದಿ ಸುರಿದಿದ್ದರು. ಒಂದು ತಿಂಗಳಾಗುವಷ್ಟರಲ್ಲಿ ಹೊಸ ಎಲೆಗಳು ಹಳದಿಯಾದವು. ಒಂದು ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿದೆ: ನರಗಳು ಮಾತ್ರ ಹಸಿರು, ನಡುವೆಲ್ಲ ನಿಂಬೆಹಣ್ಣಿನ ಬಣ್ಣ, ಹಸಿರು ದಾರದಿಂದ ಬಲೆ ಹೆಣೆದಂತೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಹುಳಿ ಕಡಿಮೆಯಾದಾಗ ಬೇರು ಅದನ್ನು ಎಳೆದುಕೊಳ್ಳಲಾರದು. ಮೇಲಿನ ಎರಡು ಬೆರಳು ಮಣ್ಣನ್ನು ಬೂದಿಯ ಸಮೇತ ಕೆರೆದು ತೆಗೆದು, ಬ್ಯಾಣದ ಮಣ್ಣು ತುಂಬಿ, ಒಂದೊಂದು ಹಿಡಿ ಗಂಧಕದ ಪುಡಿ ಬೆರೆಸಿದೆ. ಗಂಧಕ ಕೆಲಸ ಮಾಡಲು ತಿಂಗಳುಗಳೇ ಬೇಕು. ಹಸಿರು ಮರಳಿದ್ದು ಮುಂದಿನ ಚಿಗುರಿನಲ್ಲಿ. ಸಾರಜನಕಕ್ಕೆ ಅಮೋನಿಯಂ ಸಲ್ಫೇಟ್ ಅನ್ನು ಚಮಚದ ಅಳತೆಯಲ್ಲಿ ಕೊಡುತ್ತೇನೆ. ಅಡಿಕೆಗೆ ತಂದ ಮ್ಯೂರಿಯೇಟ್ ಪೊಟ್ಯಾಷ್ ಉಳಿದಿದೆ ಎಂದು ಇದಕ್ಕೆ ಹಾಕಬೇಡಿ, ಅದರ ಕ್ಲೋರೈಡ್ ಈ ಗಿಡಕ್ಕೆ ಆಗದು.

ನಮ್ಮಲ್ಲಿ ನಿಜವಾದ ಕಷ್ಟ ಮಳೆಯದು. ಬ್ಲೂಬೆರಿಯ ಬೇರು ಕೂದಲಿನಷ್ಟು ಸಣ್ಣದು, ಮೇಲುಮೇಲೆಯೇ ಹರಡುತ್ತದೆ. ನೀರು ನಿಂತರೆ ಫೈಟಾಫ್ತೊರಾ ಎಂಬ ರೋಗಾಣು ಬೇರನ್ನು ಕೊಳೆಸುತ್ತದೆ. ಅಡಿಕೆಯ ಕೊಳೆರೋಗ, ಕಾಳುಮೆಣಸಿನ ಸೊರಗು ರೋಗ ತರುವುದೂ ಅದೇ ಕುಲದ ರೋಗಾಣುಗಳು, ಹಾಗಾಗಿ ನಮ್ಮವರಿಗೆ ಇದರ ಗಂಭೀರತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಂಡಿ ತೋಡದೆ ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಟ್ಟಿದ್ದೇನೆ. ಬ್ಯಾಣದ ಮಣ್ಣು, ತೊಳೆದ ತೆಂಗಿನ ನಾರಿನ ಪುಡಿ, ಅರೆ ಕೊಳೆತ ದರಗು (ಉದುರಿದ ಒಣ ಎಲೆ) ಸಮಸಮ. ಮೇಲೆ ನಾಲ್ಕು ಬೆರಳು ದರಗಿನ ಹೊದಿಕೆ. ದಿಬ್ಬ ಕುಸಿಯದಂತೆ ಸುತ್ತ ಅಡಿಕೆ ದಬ್ಬೆ.

ಸವರುವ ಕಾಲವನ್ನೂ ಮಳೆಯೇ ನಿರ್ಧರಿಸುತ್ತದೆ. ಹುಬ್ಬೆ ಮಳೆ ಕಳೆದು ಉತ್ತರೆ ಹಿಡಿಯುವ ಹೊತ್ತಿಗೆ, ಎರಡು ದಿನ ಹೊಳವಾದದ್ದು ನೋಡಿ ಕತ್ತರಿ ಹಿಡಿಯುತ್ತೇನೆ. ಹಳೆಯ ಸಣ್ಣ ಕಡ್ಡಿಗಳನ್ನೆಲ್ಲ ತೆಗೆದು, ಬಲಿತ ಕಾಂಡಗಳನ್ನು ಅರ್ಧಕ್ಕೆ ಇಳಿಸುತ್ತೇನೆ. ದೀಪಾವಳಿಗೆ ಚಿಗುರು, ಸಂಕ್ರಾಂತಿಯ ಸುಮಾರಿಗೆ ಹೂ, ಯುಗಾದಿಯಿಂದ ಹಣ್ಣು. ಮೇ ತಿಂಗಳ ಗುಡುಗು ಮಳೆ ಬರುವ ಮೊದಲು ಕೊಯ್ಲು ಮುಗಿಯಬೇಕು, ಮಳೆ ಕುಡಿದ ಹಣ್ಣು ಬಿರಿಯುತ್ತದೆ.

ಹೂವಿನ ಕಾಲದಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಗಿಡದ ಪಕ್ಕ ಕೂತರೆ ಎದ್ದು ಬರಲು ಮನಸ್ಸಾಗುವುದಿಲ್ಲ. ಬಿಳಿಯ ಪುಟ್ಟ ಗಂಟೆಗಳಂತೆ ಹೂಗಳು ಬಾಯಿ ಕೆಳಗೆ ಮಾಡಿ ತೂಗುತ್ತವೆ. ತುಡುವೆ ಜೇನು ಬರುತ್ತದೆ, ಮಿಸ್ರಿ ಜೇನು ಬರುತ್ತದೆ. ಹೆಬ್ಬೆರಳ ಗಾತ್ರದ ಕಪ್ಪು ದುಂಬಿ ಹೂವಿಗೆ ಜೋತುಬಿದ್ದು, ರೆಕ್ಕೆ ಅಲುಗಿಸದೆ ಮೈಯನ್ನೇ ಝೇಂಕರಿಸುವುದನ್ನು ನೋಡಬೇಕು. ಆ ಕಂಪನಕ್ಕೆ ಪರಾಗವು ಕೇಸರದ ತುದಿಯ ರಂಧ್ರದಿಂದ ಉಪ್ಪಿನ ಪುಡಿಯಂತೆ ಉದುರಿ ಅದರ ಎದೆಗೆ ಅಂಟುತ್ತದೆ. ಅದೇ ದುಂಬಿ ಕೆಲವೊಮ್ಮೆ ಹೂವಿನ ಬುಡ ಸೀಳಿ ಮಕರಂದವನ್ನಷ್ಟೇ ಹೀರಿ ಹೋಗುವುದೂ ಉಂಟು. ಆ ತಿಂಗಳುಗಳಲ್ಲಿ ಹಿತ್ತಿಲಿಗೆ ಯಾವ ಔಷಧಿಯನ್ನೂ ಹೊಡೆಯುವುದಿಲ್ಲ.

ಕೊಯ್ಯುವುದಕ್ಕೆ ತಾಳ್ಮೆ ಬೇಕು. ಕಿತ್ತ ಮೇಲೆ ಬ್ಲೂಬೆರಿ ಮತ್ತೆ ಸಿಹಿಯಾಗುವುದಿಲ್ಲ. ನೀಲಿಯಾಯಿತು ಎಂದು ಕೈ ಹಾಕುವ ಮೊದಲು ಹಣ್ಣನ್ನು ಮೆಲ್ಲಗೆ ತಿರುಗಿಸಿ ತೊಟ್ಟಿನ ಬುಡ ನೋಡಿ. ಅಲ್ಲಿ ಕೆಂಪನೆಯ ಉಂಗುರವಿದ್ದರೆ ಇನ್ನೂ ನಾಲ್ಕು ದಿನ ಬೇಕು. ಬೂದಿ ಬಳಿದಂಥ ಮೇಣದ ಹೊದಿಕೆ ತೊಟ್ಟಿನವರೆಗೂ ಹರಡಿ, ಬೆರಳು ತಾಗಿದರೆ ತಾನಾಗಿ ಅಂಗೈಗೆ ಬೀಳುವಂತಾದರೆ ಅದು ಮಾಗಿದ ಹಣ್ಣು. ಅಲ್ಲಿಯವರೆಗೆ ಪಿಕಳಾರ ಬಿಡಬೇಕಲ್ಲ! ಅದಕ್ಕೆ ಬಲೆ, ಮಂಗಗಳಿಗೆ ತಂತಿಜಾಲರಿಯ ಪಂಜರ. ಪಂಜರದ ಖರ್ಚು ಗಿಡಗಳ ಖರ್ಚಿಗಿಂತ ಹೆಚ್ಚಾಯಿತು. ಅದಿಲ್ಲದಿದ್ದರೆ ನಮಗೆ ಒಂದು ಹಣ್ಣೂ ಸಿಗುತ್ತಿರಲಿಲ್ಲ.

‘ಕುನ್ನೇರಳೆ, ಕವಳೆ ಇರುವ ಊರಿನಲ್ಲಿ ಇದು ಯಾಕೆ ಮಾರಾಯರೇ?’ ಎಂದು ಪಕ್ಕದ ಮನೆಯವರು ಕೇಳಿದ್ದರು. ಅವೂ ಬೇಕು, ಬ್ಯಾಣದ ಅಂಚಿನಲ್ಲಿ ಅವನ್ನೂ ಉಳಿಸಿಕೊಂಡಿದ್ದೇನೆ. ಬ್ಲೂಬೆರಿಯ ನಂಟರಾದ ವ್ಯಾಕ್ಸಿನಿಯಂ ಗಿಡಗಳು ನೀಲಗಿರಿಯ ಶೋಲಾ ಕಾಡಿನಲ್ಲಿ ತಾವಾಗಿಯೇ ಬೆಳೆಯುತ್ತವೆ ಎಂದು ಓದಿದಾಗಿನಿಂದ ಈ ಗಿಡ ನನಗೆ ಪರದೇಶದ್ದು ಅನ್ನಿಸಿಲ್ಲ. ಕಳೆದ ಯುಗಾದಿಗೆ ಒಂದು ಬಟ್ಟಲು ಶಾರ್ಪ್‌ಬ್ಲೂ ಕೊಟ್ಟು ಕಳಿಸಿದೆ. ಮರುದಿನ ಅವರು ಖಾಲಿ ಬಟ್ಟಲು ಹಿಡಿದು ಬಂದು, ತಮಗೆ ಯಾವ ತಳಿ ಆದೀತು ಎಂದು ಕೇಳಿದರು. ನಾನು ಮೊದಲು ಥರ್ಮಾಮೀಟರ್ ಕೊಟ್ಟೆ.